ಕೆರೆಯಿಂದ ಮನೆಗೆ ಎರಡೇ ತಂತಿ: ಕರೆಂಟ್ ಲೂಪ್‌ನಲ್ಲಿ ಡೇಟಾ ಹೋಗುವುದು ಹೀಗೆ

ನಮ್ಮ ತೋಟದ ಕೆರೆ ಮನೆಯಿಂದ 200 ಮೀಟರ್ ದೂರ. ಅಲ್ಲಿನ ಪಂಪ್ ಶೆಡ್ಡಿನ ಹತ್ತಿರ ಮಳೆ ಅಳೆಯಲು ಒಂದು ಪುಟ್ಟ ಸರ್ಕ್ಯೂಟ್ ಇಟ್ಟಿದ್ದೇನೆ. ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಅಂತ ಅದು ಮನೆಗೆ ತಿಳಿಸಬೇಕು. ಮೊದಲು 5 ವೋಲ್ಟಿನ ಸಿಗ್ನಲ್ಲನ್ನು ನೇರವಾಗಿ ತಂತಿಗೆ ಕೊಟ್ಟಿದ್ದೆ. ಅಕ್ಷರಗಳು ಕಲಸಿಹೋಗಿ ಬರುತ್ತಿದ್ದವು. ಏಪ್ರಿಲ್‌ನ ಗುಡುಗು ಮಳೆಗೆ ಮನೆಯಲ್ಲಿ ಸಿಗ್ನಲ್ ಓದುವ ಸರ್ಕ್ಯೂಟ್ ಬೋರ್ಡೂ ಸುಟ್ಟಿತು. ಆಗ ತಂತಿಯಲ್ಲಿ ಬಂದ ಸುದ್ದಿಯನ್ನು ಅಚ್ಚು ಮಾಡುತ್ತಿದ್ದ ಹಳೆಯ ಟೆಲಿಪ್ರಿಂಟರ್‌ಗಳ ದಾರಿ ಹಿಡಿದೆ. ಅದೇ ಕರೆಂಟ್ ಲೂಪ್.

ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಬೇಗ ಹೊಳೆಯುತ್ತದೆ. ಪೈಪ್ ಉದ್ದವಾದಷ್ಟೂ ಪ್ರೆಶರ್ ಇಳಿಯುತ್ತದೆ. ಆದರೆ ಸೋರಿಕೆ ಇಲ್ಲದಿದ್ದರೆ ಈ ತುದಿಯಲ್ಲಿ ಹೊಕ್ಕಷ್ಟೇ ನೀರು ಆ ತುದಿಯಲ್ಲಿ ಬರಬೇಕು, ಅಲ್ವಾ? ವೋಲ್ಟೇಜ್ ಪ್ರೆಶರ್ ಇದ್ದಂತೆ, ಕರೆಂಟ್ ನೀರಿದ್ದಂತೆ. ಹಾಗಾಗಿ ಕರೆಂಟನ್ನೇ ಸುದ್ದಿ ಮಾಡಿಕೊಳ್ಳುವುದು. 20 ಮಿಲಿಆಂಪ್ ಹರಿದರೆ 1, ನಿಂತರೆ 0.

ಇಂಗ್ಲಿಷಿನ 'ಕೆ' ಅಕ್ಷರ ಕಳಿಸೋಣ. ಅದರ ಆಸ್ಕಿ ಸಂಖ್ಯೆ (ಕಂಪ್ಯೂಟರ್‌ಗಳು ಅಕ್ಷರವನ್ನು ಗುರುತಿಸುವ ಸಂಖ್ಯೆ) 75. ಬರೀ 0, 1ರಲ್ಲಿ ಬರೆದರೆ 01001011, ಒಂದೊಂದು ಅಂಕಿಯೂ ಒಂದು ಬಿಟ್. ಸುಮ್ನೆ ಇರುವಾಗ ಲೈನಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಅದು ಒಮ್ಮೆ ನಿಲ್ಲುತ್ತದೆ: ಸ್ಟಾರ್ಟ್ ಬಿಟ್, ಅಕ್ಷರ ಬರುತ್ತಿದೆ ಎಂಬ ಸೂಚನೆ. ಆಮೇಲೆ ಚಿಕ್ಕ ಬೆಲೆಯ ಬಿಟ್ ಮೊದಲಾಗಿ, ಅಂದರೆ ಬಲದಿಂದ ಎಡಕ್ಕೆ, 1, 1, 0, 1, 0, 0, 1, 0. ಕೊನೆಗೆ ಮತ್ತೆ ಕರೆಂಟ್, ಅದು ಸ್ಟಾಪ್ ಬಿಟ್. 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ ಒಂದೊಂದು ಬಿಟ್‌ಗೆ 0.83 ಮಿಲಿಸೆಕೆಂಡ್. ಮಳೆ ಲೆಕ್ಕಕ್ಕೆ ಇಷ್ಟು ವೇಗವೇ ಜಾಸ್ತಿ.

ಈಗ ಜೋಡಣೆ. ಶೆಡ್ಡಿನಲ್ಲಿ 24 ವೋಲ್ಟ್ ಸಪ್ಲೈ ಇರಲಿ. ಅದರ ಪ್ಲಸ್ ಅನ್ನು ಎಲ್‌ಎಂ317ರ ಇನ್‌ಪುಟ್‌ಗೆ ಕೊಡಿ. ಇಲ್ಲಿ ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುವ ಚಿಪ್ ಇದು. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 62 ಓಮ್ ರೆಸಿಸ್ಟರ್ ಹಾಕಿ. ಈ ಎರಡು ಕಾಲುಗಳ ನಡುವೆ ಚಿಪ್ ಸದಾ ಇಡುವ 1.25 ವೋಲ್ಟನ್ನು 62ರಿಂದ ಭಾಗಿಸಿದರೆ ಸುಮಾರು 20 ಮಿಲಿಆಂಪ್. ಅಡ್ಜಸ್ಟ್ ಕಾಲಿನಿಂದ ಒಂದು ತಂತಿ ಮನೆಗೆ ಹೋಗಲಿ. ಮನೆಯಲ್ಲಿ ಅದು ಒಂದು ಎಲ್ಇಡಿ, ಆಮೇಲೆ ಪಿಸಿ817 ಆಪ್ಟೋಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಒಳಗಿನ ಎಲ್ಇಡಿ ದಾಟಿ ಎರಡನೇ ತಂತಿಯಲ್ಲಿ ಶೆಡ್ಡಿಗೆ ವಾಪಸ್ ಬಂದು ಸ್ವಿಚ್ಚಿನಂತೆ ಕೆಲಸ ಮಾಡುವ ಬಿಸಿ547 ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲು ಸೇರುತ್ತದೆ. ಎಮಿಟರ್ ಸಪ್ಲೈಯ ಮೈನಸ್‌ಗೆ. ಶೆಡ್ಡಿನ ಬೋರ್ಡಿನ ಮೈನಸ್ಸೂ ಅಲ್ಲಿಗೇ. ಅದೇ ಬೋರ್ಡಿನ ಟಿಎಕ್ಸ್ ಪಿನ್ (ಡೇಟಾ ಹೊರಡುವ ಕಾಲು) 4.7 ಕಿಲೋಓಮ್ ದಾಟಿ ಬೇಸಿಗೆ.

0.5 ಮಿಲಿಮೀಟರಿನ ಟೆಲಿಫೋನ್ ತಂತಿಯಾದರೆ ಹೋಗಿ ಬರಲು 400 ಮೀಟರ್, ಸುಮಾರು 35 ಓಮ್. ತಂತಿ ತಿನ್ನುವುದು 0.7 ವೋಲ್ಟ್ ಮಾತ್ರ.

ನಾನು ಎಡವಿದ್ದು ಮನೆಯ ತುದಿಯಲ್ಲಿ. ಆಪ್ಟೋಕಪ್ಲರಿನ ಕಲೆಕ್ಟರ್‌ನಿಂದ ಸಿಗ್ನಲ್ ತೆಗೆದರೆ 1 ಮತ್ತು 0 ತಿರುಗುಮುರುಗಾಗುತ್ತವೆ. ಕಲೆಕ್ಟರನ್ನು ಮನೆಯ ಬೋರ್ಡಿನ ಪ್ಲಸ್‌ಗೆ ಕೊಟ್ಟು, ಎಮಿಟರಿನಿಂದ ಅದೇ ಬೋರ್ಡಿನ ಮೈನಸ್‌ಗೆ 1 ಕಿಲೋಓಮ್ ಹಾಕಿ, ಎಮಿಟರನ್ನೇ ಆರ್‌ಎಕ್ಸ್ ಪಿನ್ನಿಗೆ (ಡೇಟಾ ಒಳಬರುವ ಕಾಲು) ಜೋಡಿಸಿ. ಆಪ್ಟೋಕಪ್ಲರಿನ ಒಳಗೆ ಸುದ್ದಿ ದಾಟುವುದು ಬೆಳಕಿನ ಮೂಲಕ. ಶೆಡ್ಡಿನಿಂದ ಬಂದ ತಂತಿಗೂ ಮನೆಯ ಬೋರ್ಡಿಗೂ ವಿದ್ಯುತ್ ಸಂಪರ್ಕ ಇರುವುದಿಲ್ಲ. ಹಾಗಂತ ನೇರ ಸಿಡಿಲನ್ನು ಇದು ತಡೆಯುವುದಿಲ್ಲ. ಗುಡುಗು ಶುರುವಾಗುವ ಮೊದಲೇ ತಂತಿ ಬಿಚ್ಚಿಡಿ.

ಮನೆಯ ಎಲ್ಇಡಿ ಸದಾ ಉರಿಯುತ್ತಿರುತ್ತದೆ, ಡೇಟಾ ಬಂದಾಗ ಮಾತ್ರ ಮಿನುಗುತ್ತದೆ. ಜುಲೈ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ತುಂಡಾದರೆ ಅದು ಪೂರ್ತಿ ಆರುತ್ತದೆ. ಆಗ ಬೋರ್ಡ್ ಬಿಚ್ಚಬೇಡಿ. ಶೆಡ್ಡಿನಲ್ಲಿ ಕರೆಂಟ್ ಇದೆಯಾ ನೋಡಿ, ಇದ್ದರೆ ತಂತಿಯ ಜಾಡು ಹಿಡಿದು ನಡೆಯಿರಿ.