ಸ್ಟೀಲ್ ಟಾರ್ಗೆಟ್‌ನಿಂದ ಚೂರು ವಾಪಸ್ ಸಿಡಿಯೋದು ನಿಂತಿದ್ದು ಹೀಗೆ

ಬೆಂಗಳೂರಿನ ಹೊರವಲಯದ ನಮ್ಮ ಶೂಟಿಂಗ್ ರೇಂಜ್‌ನಲ್ಲಿ ಸ್ಟೀಲ್ ತಟ್ಟೆಗೆ ಹೊಡೆದರೆ ಗುಂಡಿನ ಚೂರು ಹೊಡೆದವರ ಕಡೆಗೇ ಸಿಡಿಯುತ್ತಿತ್ತು. ತಟ್ಟೆ ಮೈಲ್ಡ್ ಸ್ಟೀಲ್ (ಮೆತ್ತನೆಯ ಸಾಮಾನ್ಯ ಉಕ್ಕು), ಮುಖದ ತುಂಬಾ ಗುಳಿ, ಚೂರು ಹಿಂದಕ್ಕೆ ತಿರುಗುತ್ತಿದ್ದುದು ಆ ಗುಳಿಗಳಿಂದಲೇ. ಇನ್ನೂ ದಪ್ಪದ್ದು ಹಾಕಿದೆವು, ಗುಳಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿಸಿದೆವು. ಪ್ರಯೋಜನ ಆಗಲಿಲ್ಲ. ದಪ್ಪ ಜಾಸ್ತಿ ಇದ್ದರೆ ಸಾಲದು, ಗುಳಿಯೇ ಬೀಳದಷ್ಟು ಗಡಸು ಬೇಕು.

ಈಗಿರುವುದು 10 ಮಿ.ಮೀ. ದಪ್ಪದ ಎಆರ್500 ಎಂಬ ಗಡಸು ಉಕ್ಕು, ಗಡಸುತನ ಸುಮಾರು 500 ಬ್ರಿನೆಲ್ (ಗಡಸುತನದ ಅಳತೆ). ಪೀಣ್ಯದಲ್ಲಿ ಲೇಸರ್‌ನಲ್ಲೇ ಕತ್ತರಿಸಿದ್ದು, ಯಾಕಂದ್ರೆ ಗ್ಯಾಸ್ ಕಟಿಂಗ್ ಶಾಖಕ್ಕೆ ಅಂಚು ಮೆತ್ತಗಾಗುತ್ತದೆ. ನಿಜವಾಗಿ ಕೆಲಸ ಮಾಡಿದ್ದು ತಟ್ಟೆಯನ್ನು ಓರೆಯಾಗಿ ತೂಗುಹಾಕಿದ್ದು. ಸರಪಳಿಯನ್ನು ತಟ್ಟೆಯ ಹಿಂಬದಿಯ ಬೋಲ್ಟ್‌ಗೆ ಸಿಕ್ಕಿಸಿ, ತೂಗುಹಾಕಿದಾಗ ಮೇಲಂಚು ಹೊಡೆಯುವವರ ಕಡೆಗೆ 20 ಡಿಗ್ರಿ ವಾಲಿರಬೇಕು, ಮೊಬೈಲ್‌ನ ಕೋನ ಅಳೆಯುವ ಆ್ಯಪ್‌ನಲ್ಲಿ ಅಳೆಯಿರಿ. ಆಗ ಚೂರು ನೆಲಕ್ಕೆ ಇಳಿಯುತ್ತದೆ. ಕೆಳಗೆ ಕಲ್ಲು ಆರಿಸಿ ಮರಳು ಹಾಕಿ. .22 (ಸಣ್ಣ ಗುಂಡಿನ ಬಂದೂಕು) ಆದರೆ ತಟ್ಟೆಯಿಂದ ಕನಿಷ್ಠ 25 ಮೀಟರ್ ದೂರ ನಿಂತು ಹೊಡೆಯಿರಿ, ದೊಡ್ಡ ರೈಫಲ್‌ಗೆ 100 ಮೀಟರ್. ಸುಮ್ನೆ ನೋಡ್ತಾ ನಿಂತವರಿಗೂ ಕಣ್ಣು ಕಾಯುವ ಸುರಕ್ಷತಾ ಕನ್ನಡಕ ಬೇಕು. ಗುಳಿ ಬಿದ್ದ ತಟ್ಟೆ ಅವತ್ತೇ ಇಳಿಸಿ.