ಮಾಡು ಬಿಚ್ಚುವ ಮೊದಲೇ ದರ ಬರೆಸಿಕೊಳ್ಳಿ

ನಮ್ಮದು ತೀರ್ಥಹಳ್ಳಿ ಕಡೆಯ ಹಂಚಿನ ಮನೆ, ಮಾವನವರ ಕಾಲದ್ದು. 2022ರ ಮಳೆಗಾಲದಲ್ಲಿ ನಡುಮನೆಯಲ್ಲಿ ಏಳು ಕಡೆ ಪಾತ್ರೆ ಇಟ್ಟುಕೊಂಡು ಮಲಗಿದೆವು. ಬರೀ ಹಂಚು ಕೈಯಾಡಿಸಿದರೆ ಇನ್ನು ಸಾಲದು, ಇಡೀ ಮಾಡು (ಚಾವಣಿ) ಬಿಚ್ಚಿ, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಬದಲಾಯಿಸಿ, ಮತ್ತೆ ಹೊದಿಸಲೇಬೇಕು ಅಂತ ಆಗಲೇ ನಿಶ್ಚಯವಾಯಿತು. ಮನೆಯವರಿಗೆ ಮಂಡಿನೋವು, ಏಣಿ ಹತ್ತುವ ಹಾಗಿಲ್ಲ. ಮಗಳು ಮೈಸೂರಿನಲ್ಲಿದ್ದಾಳೆ. ಹಾಗಾಗಿ ಮೇಸ್ತ್ರಿಯನ್ನು ಹುಡುಕುವುದರಿಂದ ಹಿಡಿದು ಲೆಕ್ಕ ಚುಕ್ತಾ ಮಾಡುವ ತನಕ ಎಲ್ಲ ನನ್ನ ಪಾಲಿಗೇ ಬಂತು. 1,61,000 ರೂಪಾಯಿ ಆಗಬಹುದು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕೊನೆಗೆ ಕೈಗೆ ಬಂದ ಲೆಕ್ಕ 3,23,930.

ಗುತ್ತಿಗೆ ಹಿಡಿದ ಮೇಸ್ತ್ರಿ ಮೋಸಗಾರರಲ್ಲ, ಕೆಲಸ ಚೆನ್ನಾಗಿಯೇ ಮಾಡಿದರು. ಮೊದಲೇ ಮಾತಾಡಿಕೊಳ್ಳಬೇಕಾದ್ದನ್ನು ಮಾಡು ಬಿಚ್ಚಿದ ಮೇಲೆ ಮಾತಾಡಿದೆವು, ಎಡವಿದ್ದು ಅಲ್ಲಿ. ಹಳೇ ಮಾಡಿನ ಕೆಲಸದಲ್ಲಿ ಹೆಚ್ಚುವರಿ ಖರ್ಚು ಬಂದೇ ಬರುತ್ತದೆ. ಆದರೆ ಅದರ ದರವನ್ನು ತಲೆಯ ಮೇಲೆ ಆಕಾಶ ಕಾಣುತ್ತಿರುವಾಗ ಕೂತು ಚರ್ಚೆ ಮಾಡಲು ಆಗುವುದಿಲ್ಲ. ಆಗ ಅವರು ಹೇಳಿದ್ದೇ ದರ.

ಮೊದಲು ಅಳತೆಯ ವಿಚಾರ, ಯಾಕೆಂದರೆ ನನ್ನ ಲೆಕ್ಕ ದೊಡ್ಡದಾಗಿ ತಪ್ಪಿದ್ದು ಇಲ್ಲೇ. ನಮ್ಮ ಮನೆ 46 ಅಡಿ ಉದ್ದ, 25 ಅಡಿ ಅಗಲ. ಚದರಡಿಗೆ 140 ರೂಪಾಯಿ ಅಂದರು. 1,150 ಚದರಡಿಗೆ ನಾನು ಗುಣಿಸಿಕೊಂಡೆ. ಅವರು ಅಳೆದದ್ದು ನೆಲವನ್ನಲ್ಲ, ಮಾಡನ್ನು. ಸುತ್ತಲೂ ಎರಡೂವರೆ ಅಡಿ ಸೂರು ಹೊರಗೆ ಚಾಚಿದೆ. ಅದನ್ನು ಸೇರಿಸಿದರೆ 51 ಅಡಿಗೆ 30 ಅಡಿ, ಅಂದರೆ 1,530. ಅದರ ಮೇಲೆ ಇಳಿಜಾರು. ಒಂದು ಅಡಿ ಅಡ್ಡಕ್ಕೆ ಏಳು ಇಂಚು ಏರುವ ಮಾಡಿನಲ್ಲಿ ಪ್ರತಿ 100 ಚದರಡಿಗೆ ಹದಿನೈದು ಹದಿನಾರು ಚದರಡಿ ಜಾಸ್ತಿ ಬರುತ್ತದೆ. ಹೀಗೆ 1,767 ಆಯಿತು. ಅಳತೆ ಸರಿಯಾಗಿಯೇ ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. 86,000 ರೂಪಾಯಿಯ ವ್ಯತ್ಯಾಸ ಅಲ್ಲಿಗೇ ಬಂದುಬಿಟ್ಟಿತು. ಆದ್ದರಿಂದ ದರ ಕೇಳುವ ಮೊದಲು ಮೇಸ್ತ್ರಿಯ ಜೊತೆ ನಿಂತು ಟೇಪು ಹಿಡಿಸಿ, ಸೂರಿನ ತುದಿಯಿಂದ ನೆತ್ತಿಯವರೆಗೆ ಅಳೆಸಿ, ಆ ಅಂಕಿಯನ್ನು ಇಬ್ಬರೂ ಬರೆದುಕೊಳ್ಳಿ. ಮೂವರ ಹತ್ತಿರ ದರ ಕೇಳುವುದಾದರೆ ಮೂವರಿಗೂ ಅದೇ ಅಂಕಿ ಕೊಡಿ.

ಇನ್ನು ಮಾಡಿನೊಳಗೆ ಏನು ಅಡಗಿದೆ ಎನ್ನುವುದು. ಕೆಳಗೆ ನಿಂತು ನೋಡಿದರೆ ರೀಪನ್ನು ಹೊರುವ ಇಳಿಜಾರು ಮರಗಳು, ಅಂದರೆ ಪಕಾಸುಗಳು, ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತವೆ. ಬಿಚ್ಚಿದ ಮೂರನೇ ದಿನ ಬಾವಿ ಕಡೆಯ ಮೂಲೆಯಿಂದ ಮೇಸ್ತ್ರಿ ಕೂಗಿದರು, "ಅಮ್ಮಾ, ಸ್ವಲ್ಪ ಇಲ್ಲಿ ಬಂದು ನೋಡಿ." ಕತ್ತಿಯ ತುದಿಯನ್ನು ಪಕಾಸಿಗೆ ಮೆಲ್ಲಗೆ ಒತ್ತಿದರು. ಬೆಣ್ಣೆಗೆ ಚುಚ್ಚಿದ ಹಾಗೆ ಎರಡು ಇಂಚು ಒಳಗೆ ಹೋಯಿತು. ಎಳೆದಾಗ ಅವಲಕ್ಕಿ ಹುಡಿಯಂಥ ಪುಡಿ ನನ್ನ ಸೆರಗಿನ ಮೇಲೆ ಉದುರಿತು. ಹೊರಗೆ ತೆಳ್ಳಗೆ ಸಿಪ್ಪೆ, ಒಳಗೆಲ್ಲ ಒರಲೆ (ಗೆದ್ದಲು). ಅಡುಗೆಮನೆಯ ಮೇಲಿನ ಪಕಾಸುಗಳು ಮಾತ್ರ ಕಬ್ಬಿಣದ ಹಾಗಿದ್ದವು. ಎಷ್ಟೋ ವರ್ಷ ಕಟ್ಟಿಗೆ ಒಲೆಯ ಹೊಗೆ ಕುಡಿದ ಮರ ಅದು, ಹುಳ ಹತ್ತಿರ ಸುಳಿದಿರಲಿಲ್ಲ.

ಇದನ್ನು ಕರಾರಿಗೆ ಮೊದಲೇ ನೋಡಬಹುದಿತ್ತು. ದರ ಹೇಳಲು ಬಂದವರಿಂದ ಐದಾರು ಕಡೆ ನಾಲ್ಕು ನಾಲ್ಕು ಹಂಚು ತೆಗೆಸಿ: ನಾಲ್ಕೂ ಮೂಲೆಯಲ್ಲಿ, ಬಚ್ಚಲ ಮೇಲೆ, ಮತ್ತು ಎರಡು ಮಾಡು ಕೂಡುವಲ್ಲಿ ತಗಡಿನ ದೋಣಿ ಇರುತ್ತದಲ್ಲ, ಅದರ ಅಡಿಯಲ್ಲಿ. ಪಕಾಸು ಗೋಡೆಯ ಮೇಲೆ ಕೂರುವ ಬುಡವನ್ನೇ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಪೊಳ್ಳಾದರೆ ತಿಳಿಯುತ್ತದೆ. ಅರ್ಧ ದಿನದ ಕೂಲಿ ಕೇಳಿದರೆ ಕೊಟ್ಟುಬಿಡಿ. ಹಂಚು ತೆಗೆಯದೆ, ಅಂಗಳದಲ್ಲೇ ನಿಂತು "ಎಲ್ಲ ಸೇರಿ ಇಷ್ಟು" ಅನ್ನುವವರನ್ನು ನಾನು ಈಗ ಕರೆಯುವುದಿಲ್ಲ.

ಎಷ್ಟೇ ನೋಡಿದರೂ ಕಾಣದ್ದು ಸ್ವಲ್ಪ ಉಳಿಯುತ್ತದೆ. ಅದಕ್ಕೇ ಬಿಡಿ ದರಗಳ ಪಟ್ಟಿ. ಒಂದು ಪಕಾಸು ಬದಲಾಯಿಸಿದರೆ ಮರ, ಕೂಲಿ ಸೇರಿ ಎಷ್ಟು? ಗೋಡೆಯ ಮೇಲೆ ಮಲಗಿಸಿದ ಅಡ್ಡಮರಕ್ಕೆ ಅಡಿಗೆ ಎಷ್ಟು? ಹೊಸ ಹಂಚು ಒಂದಕ್ಕೆ, ಲಾರಿಯಿಂದ ಇಳಿಸುವುದು ಸೇರಿ, ಎಷ್ಟು? ಜಿಎಸ್‌ಟಿ ಇದೆಯೋ ಇಲ್ಲವೋ? ನಾನು ಕೇಳಿರಲಿಲ್ಲ. ಹಾಳಾದ 14 ಪಕಾಸಿಗೆ ತಲಾ 2,900 ಹಾಕಿದರು. ಆಮೇಲೆ ಸಾಮಿಲ್ಲಿಗೆ ಹೋಗಿ ವಿಚಾರಿಸಿದೆ. ಮರದ ಲೆಕ್ಕ ಸುಲಭ: ಇಂಚಿನಲ್ಲಿ ಅಗಲ, ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 4 ಇಂಚು, 2 ಇಂಚು, 12 ಅಡಿಯ ಪಕಾಸು ಮುಕ್ಕಾಲು ಘನ ಅಡಿಯೂ ಇಲ್ಲ. ಅದೇ ಜಾತಿಯ ಮರದ ಅಂಥ ಒಂದು ಪಕಾಸು ಅಲ್ಲಿ 1,650ಕ್ಕೆ ಸಿಗುತ್ತಿತ್ತು. ಕೂರಿಸುವ ಕೂಲಿ 300 ಸೇರಿಸಿದರೂ 1,950.

ಹಂಚಿನದು ಬೇರೆ ಕಥೆ. 100 ಚದರಡಿಗೆ ಸುಮಾರು 140 ಮಂಗಳೂರು ಹಂಚು ಬೇಕು. ಮಾಡಿನಿಂದ ಇಳಿಸುವಾಗ ಕೆಲವು ಒಡೆಯುವುದು ಸಹಜ. ನೂರಕ್ಕೆ ಐದು ಒಡೆದರೆ ನಮ್ಮ ಖರ್ಚು, ಅದಕ್ಕಿಂತ ಹೆಚ್ಚಾದರೆ ಅವರದು ಅಂತ ಬರೆಸಿ. ಹಂಚಿನ ಹಿಂಬದಿಯ ಮುದ್ರೆಯನ್ನೂ ನೋಡಿಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹಂಚು ಇನ್ನೊಂದರ ಅಂಚಿನ ಕಚ್ಚಿಗೆ ಸರಿಯಾಗಿ ಕೂರದೇ ಹೋಗಬಹುದು, ಆ ಸಂದಿನಲ್ಲೇ ನೀರು ಇಳಿಯುತ್ತದೆ. ಹಳೇ ಮನೆ ಕೆಡವಿದ ಕಡೆ ಅದೇ ಮುದ್ರೆಯ ಹಂಚು ಸಿಕ್ಕರೆ ಅದೇ ಉತ್ತಮ. ತಟ್ಟಿದಾಗ ಠಣ್ಣೆನ್ನಬೇಕು, ಮಂದ ಸದ್ದಿನದು ಬೇಡ.

ಕೆಲಸ ನಡೆಯುವಾಗ "ಇದೂ ಮಾಡಬೇಕಾಗುತ್ತೆ ಅಮ್ಮಾ" ಅಂತ ಬಂದಾಗ ಸುಮ್ಮನೆ ತಲೆ ಆಡಿಸಬೇಡಿ. ನಾನು ಹಾಗೇ ಮಾಡಿದ್ದೆ. ನೋಡಿಯೂ ಸುಮ್ಮನಿದ್ದು, "ನಾನೇನು ಹೇಳಿರಲಿಲ್ಲವಲ್ಲ" ಅಂತ ಆಮೇಲೆ ಅನ್ನುವುದು ನ್ಯಾಯವೂ ಅಲ್ಲ. 1872ರ ಕರಾರು ಕಾಯ್ದೆಯ 70ನೇ ಕಲಂ ಪ್ರಕಾರ, ಪುಕ್ಕಟೆಯಲ್ಲ ಎಂದುಕೊಂಡು ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಹಣ ಕೊಡಬೇಕಾಗುತ್ತದೆ. ಬೇಡವಾದರೆ ಆಗಲೇ ಬೇಡ ಅನ್ನಿ. ಮೊದಲು ಹೋಗಿ ಕಣ್ಣಾರೆ ನೋಡಿ, ಫೋಟೋ ತೆಗೆಯಿರಿ. ದೂರದ ಊರಿನಲ್ಲಿದ್ದರೆ ಚುಚ್ಚಿ ತೋರಿಸುವ ವಿಡಿಯೋ ಕಳಿಸಲು ಹೇಳಿ. "ಇದನ್ನು ಈ ವರ್ಷ ಬಿಟ್ಟರೆ ಏನಾಗುತ್ತದೆ?" ಅಂತ ಕೇಳಿ, ಒಳ್ಳೆಯ ಮೇಸ್ತ್ರಿ ನಿಜ ಹೇಳುತ್ತಾರೆ. ಆಮೇಲೆ ಪಟ್ಟಿಯ ದರಕ್ಕೆ ಎಷ್ಟಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಅವತ್ತೇ ಇಬ್ಬರೂ ಸಹಿ ಹಾಕಿ. ತೆಗೆದ ಹಳೇ ಮರವನ್ನು ಲೆಕ್ಕ ಮುಗಿಯುವ ತನಕ ಅಂಗಳದಿಂದ ಸಾಗಿಸಲು ಬಿಡಬೇಡಿ. ಬದಲಾಯಿಸಿದ್ದು 14 ಅಂದರೆ ಅಂಗಳದಲ್ಲೂ 14 ಇರಬೇಕು.

ನಮ್ಮ ಲೆಕ್ಕ ತೀರಿದ್ದು ಮಾತಿನಲ್ಲೇ. ಹೆಚ್ಚುವರಿ 76,550 ಆಗಿತ್ತು. ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಸಾಮಿಲ್ಲಿನ ಚೀಟಿ ಮುಂದಿಟ್ಟೆ. ದನಿ ಏರಿಸಲಿಲ್ಲ. ಲಾರಿಯಿಂದ ಹಂಚು ಇಳಿಸುವ ಕೂಲಿ 4,500 ಬಿಟ್ಟರು, ಪಕಾಸಿನ ದರ ಇಳಿಸಿದರು. 3,05,000ಕ್ಕೆ ಮುಗಿಯಿತು.

ಹಣವನ್ನು ಕಂತಿನಲ್ಲಿ ಕೊಡಿ: ಸಾಮಾನು ಅಂಗಳಕ್ಕೆ ಬಂದ ಮೇಲೆ ಒಂದು ಪಾಲು, ಅರ್ಧ ಮಾಡು ಹೊದಿಸಿದ ಮೇಲೆ ಒಂದು, ಪೂರ್ತಿಯಾದ ಮೇಲೆ ಒಂದು. ನೂರಕ್ಕೆ ಹತ್ತರಷ್ಟನ್ನು ಆರಿದ್ರಾ ಮಳೆ ಕಳೆದ ಮೇಲೆ ಕೊಡುತ್ತೇನೆ ಅಂತ ಕರಾರಿನಲ್ಲೇ ಇರಲಿ. ಸೋರುತ್ತದೋ ಇಲ್ಲವೋ ತಿಳಿಯುವುದು ಆಗಲೇ. ಅಂದಾಜಿನ ಮೇಲೆ ನೂರಕ್ಕೆ ಇಪ್ಪತ್ತರಷ್ಟು ಹಣ ನಿಮ್ಮ ಬಳಿ ಬೇರೆಯಾಗಿಯೇ ಇರಲಿ, ಅದನ್ನು ಯಾರಿಗೂ ಹೇಳಬೇಡಿ.

ಮೇಸ್ತ್ರಿಯನ್ನು ದೀಪಾವಳಿ ಹೊತ್ತಿಗೇ ಗೊತ್ತುಮಾಡಿ. ಅಡಿಕೆ ಕೊಯ್ಲು ಮುಗಿದು ಶಿವರಾತ್ರಿ ಕಳೆದರೆ ಎಲ್ಲರಿಗೂ ಅದೇ ನಾಲ್ಕು ಜನ ಬೇಕು. ಭರಣಿ ಮಳೆ ಸುರಿದರೆ ಯಾರು ಹೊಣೆ, ಟಾರ್ಪಾಲು ಯಾರದು ಅಂತಲೂ ಬರೆಸಿ, ಮಾಡನ್ನು ಒಂದೊಂದು ಭಾಗವಾಗಿಯೇ ಬಿಚ್ಚಿಸಿ. ಮೇಲೆ ಹತ್ತುವವರಿಗೆ ಕಾರ್ಮಿಕ ಕಾರ್ಡ್ ಇದೆಯೇ ಕೇಳಿ. ಬಿದ್ದರೆ ಅವರ ಮನೆಗೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ಒಂದಿಷ್ಟು ಆಸರೆ ಇರುತ್ತದೆ.

ಮಾತು ಮುರಿದೇ ಹೋದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆ ಸಹಿ ಹಾಕಿದ ನೋಟ್‌ಬುಕ್ಕು, ಫೋಟೋಗಳು ಅಲ್ಲಿ ಬೇಕಾಗುತ್ತವೆ.

2024ರಲ್ಲಿ ಕೊಟ್ಟಿಗೆಯ ಮಾಡಿಗೂ ಅದೇ ಮೇಸ್ತ್ರಿಯನ್ನೇ ಕರೆದೆ. ಈ ಸಲ ಅಳತೆ, ಪಟ್ಟಿ, ಸಹಿ ಎಲ್ಲ ಮೊದಲೇ ಆಗಿತ್ತು. ಮೂರು ಪಕಾಸು ಹೋಗಿದ್ದವು, ಹೆಚ್ಚುವರಿ 5,850. ಅವರೇ ಹಳೇ ಮೂರನ್ನು ತಂದು ನನ್ನೆದುರು ಅಂಗಳದಲ್ಲಿ ಸಾಲಾಗಿ ಇಟ್ಟರು.