ಸರಣಿ ಹಂತಕನ ಹಿನ್ನೆಲೆ ಓದುವುದು ಹೇಗೆ?

ಯಾವ ಕೇಸ್ ಓದಲು ಕೂತರೂ ನಾನು ಮೊದಲು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ದಾಖಲೆಯಲ್ಲಿ ಇರುವುದು, ಬಲಕ್ಕೆ ಹಂತಕನೇ ಹೇಳಿಕೊಂಡದ್ದು. ಬಲಗಡೆ ಯಾವಾಗಲೂ ಬೇಗ ತುಂಬುತ್ತದೆ! ಅಮೆರಿಕದ ಹೆನ್ರಿ ಲೀ ಲ್ಯೂಕಸ್ ನೂರಾರು ಕೊಲೆ ಒಪ್ಪಿಕೊಂಡ, ಬಹುಪಾಲು ಸುಳ್ಳು.

ಅಮೆರಿಕದ ಇನ್ನೊಬ್ಬ ಸರಣಿ ಹಂತಕ ಎಡ್ಮಂಡ್ ಕೆಂಪರ್‌ನನ್ನು ತೆಗೆದುಕೊಳ್ಳಿ. 1964ರಲ್ಲಿ, 15ನೇ ವಯಸ್ಸಿಗೆ, ಅಜ್ಜ ಅಜ್ಜಿಯನ್ನು ಕೊಂದ. 1969ರಲ್ಲಿ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆ. 1973ರಲ್ಲಿ ತಾಯಿಯನ್ನೇ ಕೊಂದ. ಇದೆಲ್ಲ ಎಡಕ್ಕೆ. ತಾಯಿ ತನ್ನನ್ನು ನೆಲಮಾಳಿಗೆಯಲ್ಲಿ ಮಲಗಿಸುತ್ತಿದ್ದಳು ಅಂತ ಅವನು ಹೇಳಿದ್ದು ಬಲಕ್ಕೆ. ನಿಜವೇ ಇರಬಹುದು. ಆದರೂ ಹೇಳಿದವನು ಅವನು, ಅಲ್ವಾ?

ಬಾಲ್ಯದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು: ಮೂರೂ ಇದ್ದರೆ ಮುಂದೆ ಹಂತಕ ಅನ್ನುವ ಮಾತು ಕೇಳಿರುತ್ತೀರಿ. ನಾನೂ ವರ್ಷಗಟ್ಟಲೆ ನಂಬಿದ್ದೆ. ಇದರ ಮೂಲ 1963ರಲ್ಲಿ ಮನೋವೈದ್ಯ ಮ್ಯಾಕ್‌ಡೊನಾಲ್ಡ್ ಬರೆದ ಲೇಖನ. ಅವರು ನೋಡಿದ್ದು ಕೊಲ್ಲುತ್ತೇನೆ ಎಂದು ಬೆದರಿಸಿದ 100 ರೋಗಿಗಳನ್ನು, ಸರಣಿ ಹಂತಕರನ್ನಲ್ಲ. ಹಾಸಿಗೆ ಒದ್ದೆ ಮಾಡುವ ಮಗುವನ್ನು ಸುಮ್ನೆ ಅನುಮಾನಿಸಬೇಡಿ. ಪ್ರಾಣಿಹಿಂಸೆಯನ್ನು ಮಾತ್ರ ಹಗುರವಾಗಿ ಬಿಡಬೇಡಿ.

ಎಲ್ಲ ಹಂತಕರಿಗೂ ‘ಸೈಕೋಪಾತ್’ (ಮರುಕವಾಗಲಿ ಪಶ್ಚಾತ್ತಾಪವಾಗಲಿ ಇಲ್ಲದವನು) ಅನ್ನುವ ಚೀಟಿ ಅಂಟಿಸುವ ಚಟವೂ ಬೇಡ. ಇದನ್ನು ಅಳೆಯಲು ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಪಟ್ಟಿಯಲ್ಲಿ 20 ಅಂಶಗಳಿವೆ, ಪ್ರತಿಯೊಂದಕ್ಕೂ 0ಯಿಂದ 2 ಅಂಕ. ತರಬೇತಿ ಪಡೆದವರು ಸಂದರ್ಶನ ಮಾಡಿ, ಕಡತ ಓದಿ ಅಂಕ ಕೊಡುತ್ತಾರೆ. ಸೋಫಾದ ಮೇಲೆ ಕೂತು ನಾನು ಕೊಟ್ಟ ಅಂಕಗಳನ್ನೆಲ್ಲ ಆಮೇಲೆ ಹೊಡೆದುಹಾಕಿದ್ದೇನೆ.